ರಾಮದುರ್ಗದಿಂದ ಕ್ಯಾಥ್‌ಲ್ಯಾಬಿನ ತನಕ

ರಾತ್ರಿ ಎರಡೂವರೆ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ನಿಂತು ಬಹಳ ಹೊತ್ತಾಗಿದೆ. ಈ ರಾತ್ರಿಯ ಮಟ್ಟಿಗೆ ನೀವು ಈ ಮನೆಯ ಕಿರಿಯ ಮಗ. ಬಾಗಿಲು ಬಡಿದವಳು ಅತ್ತಿಗೆ. "ನಿಮ್ಮಣ್ಣಗ ಎದಿ ಹಿಡದಂಗ ಆಗೇತಂತ, ಲಗೂನ ಬರ್ರಿ."

ಅಣ್ಣ ಹೊರಸಿನ ಅಂಚಿಗೆ ಕೂತಿದ್ದಾನೆ. ವಯಸ್ಸು 48. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಬನಿಯನ್ ಬೆವರಿಗೆ ತೊಯ್ದು ಮೈಗಂಟಿದೆ. ನೋವು ಎಲ್ಲಿ ಅಂತ ಕೇಳಿದರೆ ಬೆರಳು ಮಾಡಿ ತೋರಿಸುವುದಿಲ್ಲ, ಮುಷ್ಟಿ ಕಟ್ಟಿ ಎದೆಯ ನಟ್ಟನಡುವೆ ಒತ್ತಿ ಹಿಡಿಯುತ್ತಾನೆ. ಎಡಗೈ ಜೋಮು ಹಿಡಿದಿದೆ, ದವಡೆಯವರೆಗೂ ಎಳೆತ. ಸಂಜೆ ಮಿರ್ಚಿ ಭಜಿ, ಗಿರಮಿಟ್ ತಿಂದಿದ್ದು ಎಲ್ಲರಿಗೂ ನೆನಪಿದೆ. ಬಾಜೂ ಮನೆಯ ಹಿರಿಯರು ಆಗಲೇ ತೀರ್ಪು ಕೊಟ್ಟಾಗಿದೆ: "ಗ್ಯಾಸ್ ಆಗೇತಿ. ಒಂದ ಸೋಡಾ ಕುಡಸ್ರಿ. ಮುಂಜಾನೆ ನೋಡೂಣು."

ಇಲ್ಲೇ ನಿಲ್ಲಿ. ಇಡೀ ರಾತ್ರಿಯಲ್ಲಿ ಅತಿ ದುಬಾರಿಯಾದ ಮಾತು ಇದೇ. ಮುಂದೆ ಆಂಬುಲೆನ್ಸ್ ಎಷ್ಟು ಜೋರಾಗಿ ಓಡಿದರೂ, ಆಸ್ಪತ್ರೆಯಲ್ಲಿ ಎಷ್ಟು ನುರಿತ ಕೈಗಳಿದ್ದರೂ ಈ ಸೋಡಾದ ಹೊತ್ತನ್ನು ಯಾರೂ ಮರಳಿ ಕೊಡಲಾರರು. ಅಣ್ಣನ ಎದೆಯೊಳಗೆ ಈಗ ನಡೆದಿರುವುದು ಇಷ್ಟು: ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕೊರೊನರಿ ನಾಳಗಳಲ್ಲಿ ಒಂದರ ಒಳಗೋಡೆಗೆ ವರ್ಷಗಟ್ಟಲೆಯಿಂದ ಜಿಡ್ಡು ಕೂತಿತ್ತು. ಬೀಡಿ, ತಂಬಾಕು, ಗಮನಕ್ಕೇ ಬಾರದ ಬಿಪಿ, ಸಕ್ಕರೆ ಎಲ್ಲ ಸೇರಿ ಅದನ್ನು ಬೆಳೆಸಿದ್ದವು. ಈ ರಾತ್ರಿ ಆ ಜಿಡ್ಡಿನ ಹೊದಿಕೆ ಬಿರಿಯಿತು. ಬಿರುಕು ಮುಚ್ಚಲು ಬಂದ ರಕ್ತಕಣಗಳು ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಿದವು. ಆ ನಾಳವನ್ನೇ ನಂಬಿದ ಸ್ನಾಯು ಅರ್ಧ ತಾಸಿನೊಳಗೆ ಒಳಪದರದಿಂದ ಸಾಯತೊಡಗುತ್ತದೆ. ಆರು ತಾಸು ಕಳೆದರೆ ಉಳಿಸಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. 48 ಅಂದರೆ ಸಣ್ಣ ವಯಸ್ಸು ಅನಿಸುತ್ತದೆ. ಆದರೆ 52 ದೇಶಗಳ ರೋಗಿಗಳನ್ನು ನೋಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ನಡುವಯಸ್ಸು 53, ಉಳಿದವರಿಗೆ ಸುಮಾರು 59. ನಮಗೆ ಬೇಗ ಬರುತ್ತದೆ. ನಲವತ್ತರ ಆಚೆಯ ಎದೆನೋವನ್ನು ಗ್ಯಾಸ್ ಅನ್ನುವ ಹಕ್ಕು ನಮಗೆ ಇಸಿಜಿ ತೆಗೆಸಿದ ಮೇಲೆಯೇ.

ನೀವು ಸೋಡಾ ಬಾಟ್ಲಿ ಬದಿಗಿಟ್ಟು ಬೈಕು ತೆಗೆಯುತ್ತೀರಿ. ಅಣ್ಣ ನಡುವೆ, ಹಿಂದೆ ಅವನನ್ನು ತಬ್ಬಿ ಹಿಡಿದ ಓಣಿಯ ಹುಡುಗ. ತಾಲೂಕು ಆಸ್ಪತ್ರೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ನರ್ಸ್ ಅವನ ಎದೆಗೆ ತಣ್ಣನೆಯ ಜೆಲ್ಲಿ ಸವರಿ ಆರು ರಬ್ಬರ್ ಬುರುಡೆ ಹಚ್ಚುತ್ತಾಳೆ, ಕೈಕಾಲಿಗೆ ನಾಲ್ಕು ಕ್ಲಿಪ್ಪು. "ಅಲಗಾಡಬ್ಯಾಡ್ರಿ." ಪಟ್ಟಿ ಸರಸರ ಹೊರಬರುತ್ತದೆ. ಡ್ಯೂಟಿ ಡಾಕ್ಟರು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಎದೆಯ ಬುರುಡೆಗಳಲ್ಲಿ ವಿ1ರಿಂದ ವಿ4ರ ತನಕ ಗೆರೆ ಮೇಲೇರಿದ್ದು ಕೆಳಗಿಳಿಯದೆ ಎತ್ತರದಲ್ಲೇ ಉಳಿದಿದೆ. ಹೃದಯದ ಮುಂಗೋಡೆ. ಮುಚ್ಚಿರುವುದು ಎಲ್‌ಎಡಿ, ಎಡ ಕೊರೊನರಿಯಿಂದ ಇಳಿದು ಬರುವ ದೊಡ್ಡ ನಾಳ. ಪಟ್ಟಿಯ ಫೋಟೊ ಮೊಬೈಲಿನಲ್ಲಿ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ಉತ್ತರ ಬರುವುದರೊಳಗೆ ಅಣ್ಣನ ಬಾಯಿಗೆ ಆಸ್ಪಿರಿನ್ ಬಿದ್ದಾಗಿದೆ: "ನುಂಗಬ್ಯಾಡ್ರಿ, ಅಗೀರಿ."

ನಂತರ ಪ್ರಶ್ನೆಗಳ ಸುರಿಮಳೆ, ಎಲ್ಲವೂ ನಿಮ್ಮ ಕಡೆಗೆ. ಹಿಂದೆ ಎಂದಾದರೂ ಲಕ್ವ ಹೊಡೆದಿತ್ತೇ? ತಲೆಗೆ ಪೆಟ್ಟು? ಇತ್ತೀಚೆಗೆ ಆಪರೇಷನ್? ಸಂಡಾಸದಲ್ಲಿ ರಕ್ತ? ಡಾಕ್ಟರು ಸುಮ್ಮನೆ ಕೇಳುತ್ತಿಲ್ಲ. ಈಗ ಕೊಡಲಿರುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ, ಬೇರೆಲ್ಲಾದರೂ ಹಸಿಗಾಯವಿದ್ದರೆ ಅಲ್ಲೂ ರಕ್ತ ಹರಿಸುತ್ತದೆ. ಎಲ್ಲಕ್ಕೂ ಇಲ್ಲ ಅಂದಿರಿ. ತೂಕ ನೋಡಿ ಅಳತೆ ಹಾಕಿ ಒಂದೇ ಸಲಕ್ಕೆ ರಕ್ತನಾಳಕ್ಕೆ ಏರಿಸುತ್ತಾರೆ. ಹತ್ತಾರು ಸಾವಿರ ಬೆಲೆಯ ಈ ಔಷಧವನ್ನು ತಾಲೂಕು ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡುವ ಸಲುವಾಗಿ ರಾಜ್ಯ ಸರ್ಕಾರ 2023ರಲ್ಲಿ ತಂದ ಯೋಜನೆಗೆ ಪುನೀತ್ ರಾಜ್‌ಕುಮಾರ್ ಹೆಸರಿದೆ: ಹೃದಯ ಜ್ಯೋತಿ. ನಾಡು ಅಪ್ಪು ಎಂದು ಕರೆಯುತ್ತಿದ್ದ ಆ ನಟ 2021ರ ಅಕ್ಟೋಬರ್ 29ರಂದು ಹೃದಯಾಘಾತಕ್ಕೆ ಹೋದಾಗ ಅವರಿಗೆ 46. ಆ ದಿನ ಅತ್ತ ನಾಡು ಈ ಔಷಧದ ಬಾಟಲಿಗೆ ಅವರ ಹೆಸರಿಟ್ಟದ್ದು ನನಗೆ ಯಾವ ಪುತ್ಥಳಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಮುಕ್ಕಾಲು ತಾಸಿನಲ್ಲಿ ಅಣ್ಣನ ಮುಷ್ಟಿ ಸಡಿಲಾಗುತ್ತದೆ. ಮಾನಿಟರಿನಲ್ಲಿ ಬಡಿತ ಸ್ವಲ್ಪ ಹೊತ್ತು ಅಂಕೆ ತಪ್ಪುತ್ತದೆ, ನಿಮ್ಮ ಉಸಿರು ಗಂಟಲಲ್ಲಿ. ಡಾಕ್ಟರು ಕೈ ಎತ್ತಿ ತಡೆಯುತ್ತಾರೆ: ನಾಳ ತೆರೆಯುವಾಗ ಹೀಗಾಗುವುದುಂಟು. ಎರಡನೇ ಪಟ್ಟಿಯಲ್ಲಿ ಗೆರೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಇಳಿಯದಿದ್ದರೆ ಕಾಯದೆ, ನಾಳವನ್ನು ಒಳಗಿನಿಂದ ಹಿಗ್ಗಿಸುವ ಬಲೂನಿಗೇ ನೇರ ಓಡಬೇಕಿತ್ತು. ಇಳಿದರೂ ಮನೆಗೆ ಹೋಗುವಂತಿಲ್ಲ. ಹೆಪ್ಪು ಕರಗಿದೆ, ಕೆಳಗಿನ ಜಿಡ್ಡು ಅಲ್ಲೇ ಇದೆ. ಮೂರರಿಂದ 24 ತಾಸಿನೊಳಗೆ ಆ್ಯಂಜಿಯೋಗ್ರಾಂ ಆಗಬೇಕು.

108 ಆಂಬುಲೆನ್ಸ್ ಹೊರಡುತ್ತದೆ. ಯರಗಟ್ಟಿ, ನೇಸರಗಿ ದಾಟಿ ಬೆಳಗಾವಿಯೋ, ಸವದತ್ತಿ ಮೇಲೆ ಧಾರವಾಡವೋ? ಈ ತಾಲೂಕಿನ ಜನಕ್ಕೆ ಇದು ಪ್ರತಿ ಸಲದ ಪ್ರಶ್ನೆ. ನೀವು ಧಾರವಾಡ ಅಂದಿರಿ. ಅಣ್ಣನ ಕೈ ನಿಮ್ಮ ಕೈಯಲ್ಲಿ, ಸಲೈನ್ ಬಾಟ್ಲಿ ಪ್ರತಿ ತಗ್ಗಿಗೂ ತೂಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಈ ಸೀಮೆಯ ದಾರಿಗಳನ್ನೆಲ್ಲ ನುಂಗಿದ್ದಳು. ಆ ವಾರ ಯಾರ ಎದೆ ಹಿಡಿದಿತ್ತೋ, ಅವರು ಯಾವ ದಂಡೆಯಲ್ಲಿ ಕೂತಿದ್ದರೋ ಎಂದು ಯೋಚಿಸಿದರೆ ತಾಲೂಕಿನಲ್ಲೇ ಸಿಗುವ ಚುಚ್ಚುಮದ್ದಿನ ಬೆಲೆ ತಿಳಿಯುತ್ತದೆ. ಇನಾಮಹೊಂಗಲ, ಹಾರೋಬೆಳವಡಿ, ಅಮ್ಮಿನಬಾವಿ. ಬೆಳ್ಳಂಬೆಳಗು ಧಾರವಾಡ ದಾಟಿ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ.

ಕ್ಯಾಥ್‌ಲ್ಯಾಬಿನ ಗಾಜಿನಾಚೆ ನಿಮ್ಮನ್ನು ನಿಲ್ಲಿಸುತ್ತಾರೆ. ಎದೆ ಬಗೆಯುವುದಿಲ್ಲ, ಪ್ರಜ್ಞೆ ತಪ್ಪಿಸುವುದೂ ಇಲ್ಲ. ಬಲ ಮುಂಗೈಯ ನಾಡಿ ಹಿಡಿಯುವ ಜಾಗದಲ್ಲಿ ಚರ್ಮ ಜೋಮು ಮಾಡಿ, ಎರಡು ಮಿಲಿಮೀಟರಿನ ಕೊಳವೆ ಕೂರಿಸಿ, ತೋಳಿನುದ್ದಕ್ಕೂ ಸಪೂರ ನಳಿಕೆ ಏರಿಸಿ ಹೃದಯದ ಬುಡಕ್ಕೆ ಒಯ್ಯುತ್ತಾರೆ. ಬಣ್ಣದ ಔಷಧ ಬಿಟ್ಟಾಗ ಪರದೆಯ ಮೇಲೆ ನಾಳಗಳ ಟೊಂಗೆ ಟಿಸಿಲುಗಳೆಲ್ಲ ಕಪ್ಪಗೆ ಮೂಡಿ ಮಾಯವಾಗುತ್ತವೆ. "ಅಲ್ಲಿ ನೋಡ್ರಿ." ಎಲ್‌ಎಡಿಯ ಒಂದು ಜಾಗದಲ್ಲಿ ಕಪ್ಪು ಗೆರೆ ಕೂದಲೆಳೆಯಷ್ಟಕ್ಕೆ ಇಳಿದಿದೆ, ಶೇ 90ರಷ್ಟು ಇಕ್ಕಟ್ಟು. ಮಿಲಿಮೀಟರಿನ ಮೂರನೇ ಒಂದರಷ್ಟು ದಪ್ಪದ ತಂತಿಯನ್ನು, ಹಣಿಗೆಯ ಹಲ್ಲಿಗೆ ಎಳೆ ತೂರಿಸುವ ನೇಕಾರನ ಹಾಗೆ, ಬೆರಳ ತುದಿಯಲ್ಲಿ ಹೊರಳಿಸುತ್ತ ಆಚೆ ದಾಟಿಸುತ್ತಾರೆ. ತಂತಿಯ ಮೇಲೆ ಬಲೂನು. ಬಲೂನು ಉಬ್ಬಿದ ಕೆಲವು ಸೆಕೆಂಡು ಅಣ್ಣನ ಮುಖ ಮತ್ತೆ ಕಿವುಚುತ್ತದೆ, ರಾತ್ರಿಯ ಅದೇ ನೋವು. ಇಳಿಯುತ್ತದೆ. ಆಮೇಲೆ ಸ್ಪ್ರಿಂಗು, ಅಂದರೆ ಸ್ಟೆಂಟ್. ಮತ್ತೆ ಬಣ್ಣ ಬಿಟ್ಟರೆ ಗೆರೆ ತುದಿಯ ತನಕ ತುಂಬಿ ಹರಿಯುತ್ತದೆ.

ಎಚ್ಚರವಾಗಿದ್ದ ಮನುಷ್ಯನ ಕೊರೊನರಿಯಲ್ಲಿ ಮೊದಲ ಸಲ ಬಲೂನು ಉಬ್ಬಿಸಿದವರು ಆಂಡ್ರಿಯಾಸ್ ಗ್ರುನ್‌ಟ್ಸಿಗ್. 1977ರ ಸೆಪ್ಟೆಂಬರ್ 16, ಜ್ಯೂರಿಕ್. ಅಲ್ಲಿಂದ ರಾಮದುರ್ಗದ ಓಣಿಗೆ ಬರಲು ಅದಕ್ಕೆ ದಶಕಗಳು ಹಿಡಿದವು, ಹಿಡಿದದ್ದು ದುಡ್ಡಿನ ಕಾರಣಕ್ಕೆ. ಔಷಧ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಬಿದ್ದದ್ದು 2017ರ ಫೆಬ್ರುವರಿಯಲ್ಲಿ. ಅದಕ್ಕೂ ಮುಂಚೆ, 2010ರಲ್ಲಿ, ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆ ಪುಕ್ಕಟೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ನಮ್ಮ ಉತ್ತರ ಕರ್ನಾಟಕದಲ್ಲೇ. ಯೋಜನೆ ಬಂದ ಹಳ್ಳಿಗಳನ್ನೂ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು: ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಶೇ 64ರಷ್ಟು ಕಡಿಮೆ. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು. ಅತ್ತಿಗೆ ಸೆರಗಿನ ಗಂಟಿನಿಂದ ತೆಗೆದು ಕೌಂಟರಿಗೆ ಕೊಡುತ್ತಿರುವುದು ಅದನ್ನೇ.

ಇನ್ನೊಂದು ಊರು, ಇನ್ನೊಂದು ಹಗಲು. ಬೈಲಹೊಂಗಲ, ತಿಂಗಳ 9ನೇ ತಾರೀಕು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರು ಖುದ್ದು ನೋಡುವ ದಿನವಿದು, 2016ರಿಂದ. ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯ ಈ ಊರಿನ ಆಸ್ಪತ್ರೆಯಲ್ಲಿ ತಾಯಿ ಕಾರ್ಡು ಹಿಡಿದ ಹೆಣ್ಣುಮಕ್ಕಳು ಗೋಡೆಗುಂಟ ಕೂತಿದ್ದಾರೆ. ಅವರ ನಡುವೆ 22ರ ಹುಡುಗಿ, ಏಳು ತಿಂಗಳ ಬಸುರಿ, ಹತ್ತಿ ಹೊಲದ ಮನೆಯ ಸೊಸೆ. ನೀವು ಬಾಗಿಲ ಬಳಿ ನಿಂತಿದ್ದೀರಿ.

"ದಮ್ಮ ಹತ್ತತೈತ್ರಿ," ಅನ್ನುತ್ತಾಳೆ. ಅತ್ತೆ ನಡುವೆ ಬಾಯಿ ಹಾಕುತ್ತಾಳೆ: "ಬಸರಿ ಅಂದಮ್ಯಾಲ ದಮ್ಮ ಹತ್ತೂದ ಇರತೈತಿ." ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ, ಅಪಾಯ ಇರುವುದೂ ಅಲ್ಲೇ. ಡಾಕ್ಟರು ಕೇಳುತ್ತಾರೆ: ಅಂಗಾತ ಮಲಗಲು ಆಗುತ್ತದೆಯೇ? ಇಲ್ಲ, ಎರಡು ದಿಂಬು ಬೇಕು, ಒಮ್ಮೊಮ್ಮೆ ನಟ್ಟಿರುಳು ಎದ್ದು ಕಿಟಕಿಗೆ ಹೋಗಿ ಕೂರುತ್ತಾಳೆ. ಸಣ್ಣಾಕಿ ಇದ್ದಾಗ ಕೀಲು ಬಾತಿದ್ದವೇ? ಹುಡುಗಿ ಜೊತೆಗೆ ಬಂದ ತನ್ನ ತಾಯಿಯ ಕಡೆ ನೋಡುತ್ತಾಳೆ. ತಾಯಿಗೆ ನೆನಪಿದೆ. ಹತ್ತು ವರ್ಷದವಳಿದ್ದಾಗ ಗಂಟಲು ನೋವು, ಆಮೇಲೆ ಜ್ವರ, ಒಂದು ದಿನ ಮೊಣಕಾಲು ಬಾತರೆ ಮರುದಿನ ಹಿಮ್ಮಡಿ. ಎಣ್ಣೆ ತಿಕ್ಕಿದ್ದರು. ಹದಿನೈದು ದಿನಕ್ಕೆ ಹೋಗಿತ್ತು.

ಫ್ಯಾನ್ ಆರಿಸುತ್ತಾರೆ. "ಯಾರೂ ಮಾತಾಡಬ್ಯಾಡ್ರಿ." ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಾಸ್ಕೋಪಿನ ಗಂಟೆಯ ಬದಿಯನ್ನು ಎಡಸ್ತನದ ಕೆಳಗೆ ಒತ್ತದೆ, ತಾಗಿಯೂ ತಾಗದಂತೆ ಇಡುತ್ತಾರೆ. ಕಣ್ಣು ಮುಚ್ಚಿದ್ದಾರೆ. ಈಗ ಆ ಕಿವಿಕಡ್ಡಿ ನಿಮ್ಮ ಕಿವಿಗೆ. ಮೊದಲ ಬಡಿತ ಠಪ್ಪೆಂದು ಗಡುಸಾಗಿ ಬೀಳುತ್ತದೆ. ಎರಡನೆಯದರ ಬೆನ್ನಿಗೇ ಚಿಟಿಕೆಯಷ್ಟು ಸಣ್ಣ ಸದ್ದು. ಆಮೇಲೆ ಬಡಿತಗಳ ನಡುವಿನ ಮೌನವಿರಬೇಕಾದಲ್ಲಿ ತಗ್ಗುದನಿಯ ಗುಡುಗುಡು. ಓಡುವ ಕಿವಿಗೆ ಇದು ಕೇಳುವುದಿಲ್ಲ, ಫ್ಯಾನಿನ ಕೆಳಗೂ ಕೇಳುವುದಿಲ್ಲ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಆಲಿಸಿದ ಮೇಲೆ ಬಂದ ಯಂತ್ರಗಳೆಲ್ಲ ಸೇರಿಯೂ ಈ ಒಂದು ನಿಮಿಷದ ಕೆಲಸವನ್ನು ತಾಲೂಕಿನಿಂದ ಕಿತ್ತುಕೊಂಡಿಲ್ಲ. ಈ ನಿಮಿಷ ಇಲ್ಲದಿದ್ದರೆ ಹುಡುಗಿ ಬೆಳಗಾವಿಯ ಎಕೋ ಯಂತ್ರದ ತನಕ ಹೋಗುವುದೇ ಇಲ್ಲ. ಹೆರಿಗೆಯ ಮೇಜಿನ ಮೇಲೆ ಪುಪ್ಪುಸದಲ್ಲಿ ನೀರು ತುಂಬಿದಾಗಲೇ ಗೊತ್ತಾಗುತ್ತಿತ್ತು. ಬಸುರಿಯ ಮೊದಲ ತಪಾಸಣೆಯಲ್ಲೇ ಎದೆಗೆ ಕಿವಿ ಕೊಡುವುದು ಪ್ರತಿ ಆಸ್ಪತ್ರೆಯಲ್ಲೂ ನಿಯಮವಾಗಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬೆಳಗಾವಿ, ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ. 1916ರಲ್ಲಿ ಶಾಲೆ ಕಟ್ಟಲೆಂದು ಹುಟ್ಟಿದ ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಆ ಕಾಲೇಜಿನ ಜೊತೆ ಬೆಳೆದ ಈ ಆಸ್ಪತ್ರೆ ಸುತ್ತಲಿನ ತಾಲೂಕುಗಳ ಜನರ ಬಾಯಲ್ಲಿ ಬರೀ 'ಕೆಎಲ್‌ಇ'. ಎಕೋ ಕೋಣೆ ಕತ್ತಲು. ಪರದೆಯಲ್ಲಿ ಹೃದಯದ ಎಡಬದಿಯ ಎರಡು ಕೋಣೆಗಳ ನಡುವೆ ಮೈಟ್ರಲ್ ಕವಾಟದ ದಳಗಳು ಕಾಣುತ್ತವೆ. ದಪ್ಪಗಾಗಿವೆ, ಅಂಚಿನಲ್ಲಿ ಒಂದಕ್ಕೊಂದು ಅಂಟಿವೆ. ತೆರೆಯಲು ಹೋಗಿ ಬಾಗಿ ನಿಲ್ಲುತ್ತವೆ. ಆರೋಗ್ಯವಂತರಲ್ಲಿ ಈ ದ್ವಾರ ನಾಲ್ಕರಿಂದ ಆರು ಚದರ ಸೆಂಟಿಮೀಟರ್. ಒಂದೂವರೆಗೆ ಇಳಿದರೆ ತೀವ್ರ. ಇವಳದು 0.9.

ಆ ಗಂಟಲು ನೋವಿನ ಸ್ಟ್ರೆಪ್ಟೊಕಾಕಸ್ ರೋಗಾಣು ಹೃದಯಕ್ಕೆ ಬಂದಿರಲೇ ಇಲ್ಲ. ಅದನ್ನು ಕೊಲ್ಲಲು ದೇಹ ಹುಟ್ಟಿಸಿದ ಪ್ರತಿರೋಧವೇ ಗುರುತು ತಪ್ಪಿ ತನ್ನ ಕೀಲು, ಕವಾಟಗಳ ಮೇಲೆ ತಿರುಗಿತು. ಕೀಲು ವಾಸಿಯಾದವು, ಕವಾಟ ವರ್ಷ ವರ್ಷಕ್ಕೂ ಬಿಗಿಯುತ್ತ ಬಂತು. ಬಸುರಿನಲ್ಲಿ ರಕ್ತ ಶೇ 40–50 ಹೆಚ್ಚುತ್ತದೆ, ಬಡಿತ ವೇಗವಾಗಿ ರಕ್ತ ದಾಟಲು ಸಿಗುವ ಹೊತ್ತು ಕಡಿಮೆಯಾಗುತ್ತದೆ. ದಾಟದ ರಕ್ತ ಹಿಂದಕ್ಕೆ, ಪುಪ್ಪುಸದ ಕಡೆಗೆ ಒತ್ತುತ್ತದೆ. ಎರಡು ದಿಂಬಿನ ಲೆಕ್ಕ ಇದು.

ಬಡಿತ ನಿಧಾನಿಸುವ ಗುಳಿಗೆ, ನೀರು ಇಳಿಸುವ ಗುಳಿಗೆ ಕೊಟ್ಟು ನೋಡಿದರು. ಸಾಲಲಿಲ್ಲ. ಹೊಟ್ಟೆಯ ಸುತ್ತ ಸೀಸದ ಹೊದಿಕೆ ಸುತ್ತಿ ಕ್ಯಾಥ್‌ಲ್ಯಾಬಿಗೆ ಕರೆದೊಯ್ಯುತ್ತಾರೆ. ತೊಡೆಯ ಸಂದಿನ ರಕ್ತನಾಳದಿಂದ ನಳಿಕೆ ಏರಿ ಬಲ ಮೇಲ್ಕೋಣೆಗೆ ಬರುತ್ತದೆ. ಅಲ್ಲಿಂದ ಎಡಕ್ಕೆ ದಾಟಲು ಕೋಣೆಗಳ ನಡುವಿನ ಗೋಡೆಯನ್ನೇ ಸೂಜಿಯಿಂದ ಚುಚ್ಚಬೇಕು. ಆ ಗಳಿಗೆಯಲ್ಲಿ ಕೋಣೆಯಲ್ಲಿ ಯಾರೂ ಉಸಿರೆತ್ತುವುದಿಲ್ಲ, ಸೂಜಿ ಬೆರಳಗಲ ಆಚೀಚೆ ಆದರೆ ಮಹಾಧಮನಿ. ದಾಟಿತು. ಜಪಾನಿನ ಕಾಂಜಿ ಇನೊವೆ 1982ರಲ್ಲಿ ಮೊದಲು ಬಳಸಿದ ಬಲೂನು ಈಗ ಕವಾಟದ ನಡುವೆ ಇದೆ. ಮೊದಲು ಮುಂದಿನ ಭಾಗ ಉಬ್ಬುತ್ತದೆ, ಆಮೇಲೆ ಹಿಂದಿನದು, ಕವಾಟವನ್ನು ಕಚ್ಚಿ ಹಿಡಿದ ಮೇಲೆ ನಡು. ಅಂಟಿದ ಅಂಚುಗಳು ಬಿಡುತ್ತವೆ. ಕೆಲವೇ ಸೆಕೆಂಡು. 1948ರಲ್ಲಿ ಅಮೆರಿಕದ ಚಾರ್ಲ್ಸ್ ಬೈಲಿ ಬಡಿಯುವ ಹೃದಯದೊಳಕ್ಕೆ ಬೆರಳು ತೂರಿಸಿ ಮಾಡಿದ ಕೆಲಸವೇ ಇದು, ಎದೆ ತೆರೆಯದೆ. ಮಾನಿಟರಿನಲ್ಲಿ ಮೇಲ್ಕೋಣೆಯ ಒತ್ತಡ 28ರಿಂದ 12ಕ್ಕೆ ನಿಮ್ಮ ಕಣ್ಣೆದುರೇ ಬೀಳುತ್ತದೆ. ಆ ರಾತ್ರಿ ಹುಡುಗಿ ದಿಂಬಿಲ್ಲದೆ ಮಲಗಿದಳು.

ಬಿಡುಗಡೆಯ ಚೀಟಿಯಲ್ಲಿ ಬೆಂಜಥೈನ್ ಪೆನ್ಸಿಲಿನ್ ಇದೆ. 12 ಲಕ್ಷ ಯೂನಿಟ್, ಮೂರು ವಾರಕ್ಕೊಮ್ಮೆ, ನಲವತ್ತರ ವಯಸ್ಸಿನ ತನಕ. ಮತ್ತೊಂದು ಗಂಟಲು ನೋವು ಕವಾಟವನ್ನು ಮತ್ತೆ ಹಾಳುಗೆಡವದಿರಲು ಇದೇ ಮುಖ್ಯ ಕಾವಲು. ಬೆಲೆ ಅತಿ ಕಡಿಮೆ. ಆದರೂ ಸೂಜಿಯ ನೋವು, ಊರಲ್ಲಿ ಔಷಧ ಸಿಗದಿರುವುದು, ಪೆನ್ಸಿಲಿನ್ ಒಗ್ಗದೆ ಏನಾದರೂ ಆದೀತೆಂದು ಚುಚ್ಚಲು ಹಿಂಜರಿಯುವ ಕೈಗಳು ಎಲ್ಲ ಸೇರಿ ನಡುವೆಯೇ ನಿಂತುಹೋಗುತ್ತದೆ. ಹತ್ತರ ವಯಸ್ಸಿನಲ್ಲಿ, ಕೀಲು ಬಾತಾಗಲೇ ಇದು ಶುರುವಾಗಿದ್ದರೆ ಇವಳಿಗೆ ಬಲೂನೇ ಬೇಕಿರಲಿಲ್ಲವೇನೋ. ಮಕ್ಕಳ ಬಾತ ಕೀಲಿಗೆ ಎಣ್ಣೆ ತಿಕ್ಕುವ ತಾಯಂದಿರಿಗೆ ಈ ಮಾತು ತಲುಪಿಸಬೇಕಾದವರು ನಾವೆಲ್ಲ.

ಮುಂದಿನ ಊರು ಸವದತ್ತಿ, ಭರತ ಹುಣ್ಣಿಮೆಯ ಜಾತ್ರೆ. ಎಲ್ಲಮ್ಮನ ಗುಡ್ಡದ ದಾರಿ ಭಂಡಾರಕ್ಕೆ ಹಳದಿಯಾಗಿದೆ. 'ಉಧೋ ಉಧೋ' ಕೂಗಿನ ನಡುವೆ ನಿಮ್ಮ ಮುಂದೆ ಏರುತ್ತಿದ್ದ 72ರ ಅಜ್ಜ ಒಮ್ಮೆಲೆ ಕುಸಿಯುತ್ತಾರೆ. ಅರೆ ನಿಮಿಷ ಕಳೆದು ಮತ್ತೆ ಎಚ್ಚರ. ದೇವಿ ಮೈಮೇಲೆ ಬಂದಳು ಅನ್ನುವವರಿದ್ದಾರೆ, ಉಪಾಸ ಅನ್ನುವವರೂ. ತಾತ್ಕಾಲಿಕ ಚಿಕಿತ್ಸಾ ಶಿಬಿರದ ಡಾಕ್ಟರು ಕುತ್ತಿಗೆಯ ನಾಡಿ ಹಿಡಿಯುತ್ತಾರೆ. ನಿಧಾನವಾಗಿ, ಸೋತು ಏರುವ ನಾಡಿ. ಎದೆಯ ಮೇಲ್ಭಾಗದಲ್ಲಿ ಒರಟು ಸದ್ದು, ಅದು ಕುತ್ತಿಗೆಯ ತನಕ ಏರುತ್ತದೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಬಿಡುವ ಅಯೋರ್ಟಿಕ್ ಕವಾಟಕ್ಕೆ ಸುಣ್ಣ ಕಟ್ಟಿದೆ. ಗುಡ್ಡ ಏರುವಾಗ ಮೈ ಹೆಚ್ಚು ರಕ್ತ ಕೇಳಿತು, ಇಕ್ಕಟ್ಟಾದ ಬಾಯಿಂದ ಅಷ್ಟು ಹೊರಬರಲಿಲ್ಲ, ಮೆದುಳು ಅರೆ ನಿಮಿಷ ಖಾಲಿಯಾಯಿತು.

ಈ ಕವಾಟ ಗುಳಿಗೆಗೆ ಬಗ್ಗುವುದಿಲ್ಲ. ಹೀಗೆ ಎಚ್ಚರ ತಪ್ಪತೊಡಗಿದ ಮೇಲೆ ಕವಾಟ ಬದಲಿಸದಿದ್ದರೆ ಸರಾಸರಿ ಮೂರು ವರ್ಷದ ಆಯುಷ್ಯ ಎಂದು 1968ರಷ್ಟು ಹಿಂದೆಯೇ ರಾಸ್ ಮತ್ತು ಬ್ರಾನ್‌ವಾಲ್ಡ್ ಬರೆದರು. ಬದಲಿಸುವ ಮೊದಲು ಆ್ಯಂಜಿಯೋಗ್ರಾಂ ಮಾಡುತ್ತಾರೆ, ಏಕೆಂದರೆ ಸುಣ್ಣ ಕಟ್ಟಿದ ಕವಾಟದವರಲ್ಲಿ ಕೊರೊನರಿಯೂ ಇಕ್ಕಟ್ಟಾಗಿರುವುದು ಬಹಳ. ಎರಡೂ ಇದ್ದರೆ ಒಂದೇ ಆಪರೇಷನ್ನಿನಲ್ಲಿ ಕವಾಟವೂ ಬೈಪಾಸೂ. ಎದೆ ತೆರೆಯಲು ತಡೆಯದವರಿಗೆ ತೊಡೆಯ ನಾಳದಿಂದಲೇ ಹೊಸ ಕವಾಟ ಒಯ್ಯುವ ಟಾವಿ ಇದೆ. ಅಲೈನ್ ಕ್ರಿಬಿಯೆ 2002ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕೂರಿಸಿದ್ದು. ಅದರ ಕವಾಟಕ್ಕೇ ಲಕ್ಷಗಟ್ಟಲೆ. "ಈ ವಯಸ್ಸಿನಾಗ ಬೇಕೇನ್ರಿ?" ಮಗ ಕೇಳುತ್ತಾನೆ, ಅಜ್ಜನ ಮುಂದೆಯೇ. ಉತ್ತರ ಕೊಡುವವರು ಅಜ್ಜ: "ನಾ ಇನ್ನೂ ಹೊಲಕ್ಕ ಹೊಕ್ಕೇನಲ್ಲೋ." ಡಾಕ್ಟರು ಬೆಳಗಾವಿಗೆ ಚೀಟಿ ಬರೆಯುತ್ತಾರೆ.

ಕೊನೆಗೆ ಕಿತ್ತೂರು. ಹೆದ್ದಾರಿಯಿಂದ ಒಳಗೆ ತಿರುಗಿ, ಕೋಟೆಯ ಊರಿನ ಆಸ್ಪತ್ರೆ. ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತ ಹೆಣ್ಣುಮಗಳಿಗೆ ಬಲೂನಿನ ಕಾಲ ಮೀರಿತ್ತು. ಸುಣ್ಣಗಟ್ಟಿದ ಮೈಟ್ರಲ್ ಕವಾಟ ತೆಗೆದು ಚಿತ್ರಾ ಕವಾಟ ಕೂರಿಸಿದ್ದಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರ ಡಿಸೆಂಬರಿನಲ್ಲಿ ಮೊದಲು ಮನುಷ್ಯನ ಎದೆ ಸೇರಿದ, ನಮ್ಮದೇ ದೇಶದ ಕವಾಟ. ಪಕ್ಕದಲ್ಲಿ ಸುಮ್ಮನೆ ಕೂತರೆ ಅದರ ಟಿಕ್ ಟಿಕ್ ನಿಮಗೂ ಕೇಳುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ರಕ್ತ ತೆಳುವಾಗಿಸುವ ಗುಳಿಗೆ ಜೀವನಪೂರ್ತಿ. ಅಳತೆ ಕಡಿಮೆಯಾದರೆ ಲಕ್ವ, ಹೆಚ್ಚಾದರೆ ರಕ್ತಸ್ರಾವ. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಅಂಕಿ, ಐಎನ್‌ಆರ್, ಎರಡೂವರೆ–ಮೂರೂವರೆಯ ನಡುವೆ ಇರಬೇಕು. ಇವತ್ತು 1.7 ಬಂದಿದೆ.

"ಗುಳಿಗಿ ತಪ್ಪಿಸಿರೇನು?"

"ಇಲ್ರೀ. ಒಂದ ಹೊತ್ತೂ ಬಿಟ್ಟಿಲ್ಲ."

"ತಪ್ಪಲಪಲ್ಲೆ?"

ಮಳೆ ಚೆನ್ನಾಗಿ ಆಗಿದೆ. ಹೊಲದ ಬದುವಿನ ತುಂಬ ಹಕ್ಕರಕಿ, ಹಿತ್ತಲ ತುಂಬ ಮೆಂತೆ. ರೊಟ್ಟಿಯ ಜೋಡಿ ಹಸಿ ತಪ್ಪಲು ದಿನಕ್ಕೆರಡು ಹೊತ್ತು. ಆ ಹಸಿರಿನಲ್ಲಿರುವ ಕೆ ಜೀವಸತ್ವ ಗುಳಿಗೆಯ ಕೆಲಸಕ್ಕೆ ಅಡ್ಡ ಬರುತ್ತದೆ.

"ಹಂಗಾರ ಹಕ್ಕರಕಿ ಪೂರಾ ಬಿಡಬೇಕೇನ್ರಿ?"

"ಬಿಡಬ್ಯಾಡ್ರಿ. ದಿನಾ ಒಂದ ಹಿಡಿ ಅಂದ್ರ ಒಂದ ಹಿಡಿ. ಇವತ್ತ ಸೂಡಗಟ್ಲೆ ತಿಂದು ನಾಳಿ ಮುಟ್ಟದ ಇರೂದು ಮಾಡಬ್ಯಾಡ್ರಿ." ಡಾಕ್ಟರು ಗುಳಿಗೆಯ ಅಳತೆ ತಿದ್ದಿ, ಮುಂದಿನ ವಾರದ ತಾರೀಕು ಬರೆದು, ಚೀಟಿಯನ್ನು ಅವಳ ಕೈಗೆ ಕೊಡುತ್ತಾರೆ.